ಮೀರಾಬಿಯ ಮುಖದ ಗುಳ್ಳೆಗಳು

ಕಿಟಕಿಯ ಕಂಬಿಗೆ ಬೆರಳು ತಾಗಿತು, ತಾಗಿದ್ದೇ ತಡ ಮೊಣಕೈವರೆಗೆ ಸೂಜಿಗಳು ಹರಿದಂತಾಗಿ ವೃಂದಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಕೈಗವಸು ಹಾಕಿಕೊಳ್ಳಬೇಕಿತ್ತು, ಬ್ಯಾಗಿನಲ್ಲೇ ಇವೆ, ಜನವರಿಯ ಮುಂಜಾನೆಯ ಬಸ್ಸಿನ ಕಬ್ಬಿಣ ಈಗ ಅವಳಿಗೆ ಬರೀ ಕಬ್ಬಿಣವಲ್ಲ, ಐದು ತಿಂಗಳಿಂದ ಆ ಕೀಮೋ ಔಷಧ ನರದೊಳಗೆ ಇಳಿಯುತ್ತಿದ್ದಂತೆ ತಣ್ಣಗಿದ್ದುದೆಲ್ಲ ಕಚ್ಚಲು ಕಲಿತಿದೆ, ನಲ್ಲಿಯ ನೀರು, ಬಾಗಿಲ ಚಿಲಕ, ದೇವರ ಮನೆಯ ಹಿತ್ತಾಳೆ ತಂಬಿಗೆ — ಆಸ್ಪತ್ರೆಯ ಬಾಜೂ ಕುರ್ಚಿಯ ಮೀರಾಬಿಗೆ ಹೀಗಾಗುವುದಿಲ್ಲ, ಮೀರಾಬಿಗೆ ಕೊಡುವ ಔಷಧವೇ ಬೇರೆ, ಮೀರಾಬಿ ಈ ಚಳಿಯಲ್ಲೂ ತಣ್ಣೀರಿನಲ್ಲಿ ಕೈಯದ್ದಿ ಪಾತ್ರೆ ತಿಕ್ಕಬಲ್ಲಳು, ನೋಡು, ಅಣ್ಣಿಗೇರಿಯ ಸ್ಟ್ಯಾಂಡು ಬಿಟ್ಟು ಹತ್ತು ನಿಮಿಷವಾಗಿಲ್ಲ, ಆಗಲೇ ಮೀರಾಬಿ ನೆನಪಾಗಿ ಬಂದು ಬಾಜೂ ಖಾಲಿ ಸೀಟಿನಲ್ಲಿ ಕೂತಳು. ಎಲ್ಲಿಗ್ರೀ ಅಕ್ಕಾರ ಎಂದು ಕಂಡಕ್ಟರ್ ಕೇಳಿದ, ಊರಿನವನೇ, ಅವಳ ಕೈಯಲ್ಲಿ ಎರಡನೇ ಇಯತ್ತೆ ಕಲಿತವನಿರಬೇಕು, ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳನ್ನು ಅರ್ಧ ಅಣ್ಣಿಗೇರಿ ಅಕ್ಕಾರ ಎಂದೇ ಕರೆಯುತ್ತದೆ, ಹುಬ್ಬಳ್ಳಿ ಎಂದಳು, ಯರಗುಪ್ಪಿ ಎಂಬುದು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು, ಯರಗುಪ್ಪಿಗೆ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು, ಬದಲಿಸುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ. ಕಂಡಕ್ಟರ್ ಆಧಾರ್ ಕಾರ್ಡನ್ನೂ ಅವಳ ಮುಖವನ್ನೂ ಒಮ್ಮೆ ನೋಡಿದ, ಕಾರ್ಡಿನಲ್ಲಿ ತುಂಬುಗೆನ್ನೆಯ ದಪ್ಪ ಜಡೆಯ ಹೆಂಗಸು, ಅವನು ಏನೂ ಕೇಳದೆ ಟಿಕೆಟು ಹರಿದುಕೊಟ್ಟ, ಕೇಳದೇ ಇದ್ದುದು ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು. ಗಂಡ ರಘೂತ್ತಮನಿಗೆ ರಕ್ತ ಪರೀಕ್ಷೆಗೆ ಹೋಗಿ ಬರತೀನಿ ಅಂತ ಹೇಳಿ ಬಂದದ್ದು, ನಾನೂ ಬರತೀನಿ ತಡಿ ಎಂದು ಅವನು ಅಂಗಿ ಹುಡುಕತೊಡಗಿದಾಗ ಬ್ಯಾಡ ಎಂದದ್ದು ತುಸು ಜೋರಾಗೇ ಆಯಿತು, ಪಾಪ, ಅಂಗಿಯ ಒಂದು ತೋಳಿನಲ್ಲಿ ಕೈ ಹಾಕಿಕೊಂಡು ಹಾಗೇ ನಿಂತುಬಿಟ್ಟ.

ಮೊದಲ ಮಂಗಳವಾರ ಆಗಸ್ಟಿನದು. ಹುಬ್ಬಳ್ಳಿಯ ಆಸ್ಪತ್ರೆಯ ಮೂರನೇ ಮಹಡಿ, ಒರಗುಕುರ್ಚಿಗಳ ಸಾಲು, ಪ್ರತಿ ಕುರ್ಚಿಗೊಂದು ಸಲೈನಿನ ಕಂಬ, ವೃಂದಾಳದು ಏಳನೇ ನಂಬರು, ಎಂಟರಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಚಪ್ಪಲಿ ಬಿಟ್ಟು ಕಾಲು ಮಡಚಿ ಮನೆಯ ಕಟ್ಟೆಯ ಮೇಲೆ ಕೂತಂತೆ ಕೂತಿದ್ದಳು, ಯಾವೂರ್ರೀ ನಿಮ್ಮದು ಎಂದು ಅವಳೇ ಮೊದಲು ಮಾತಿಗೆ ತೆಗೆದಳು, ನಮ್ಮದು ಕುಂದಗೋಳ ತಾಲೂಕಿನ ಯರಗುಪ್ಪಿರಿ, ನನ್ನ ಹೆಸರ ಮೀರಾಬಿ, ಮೆಣಸಿನಕಾಯಿ ತೊಟ್ಟು ಮುರಿಯೂ ಕೆಲಸ ನಂದು, ಮನಿಯವರು ತೀರಿಕೊಂಡು ಆರ ವರ್ಸ ಆತು, ಮಗಳು ಅಳಿಯ ಜೊತಿಗೇ ಅದಾರ. ಐದು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದ್ದಳು. ಇಬ್ಬರದೂ ಒಂದೇ ರೋಗ, ದೊಡ್ಡ ಕರುಳಿನ ಎಡಭಾಗದ ಗಡ್ಡೆ, ಆಪರೇಶನ್ ಆಗಿದೆ, ಆದರೆ ಅದು ಆಗಲೇ ಯಕೃತ್ತಿಗೆ ಹಬ್ಬಿದೆ, ಒಂದೇ ವಾರ, ಒಂದೇ ಡಾಕ್ಟರು, ಹದಿನೈದು ದಿನಕ್ಕೊಮ್ಮೆ ಒಂದೇ ಸರತಿ, ಮೀರಾಬಿ ಡಬ್ಬಿಯಲ್ಲಿ ಶೇಂಗಾ ಹಿಂಡಿಯನ್ನೂ ರೊಟ್ಟಿಯನ್ನೂ ತಂದು ಒಂದು ತುಂಡು ವೃಂದಾಳ ಕೈಯಲ್ಲಿಡುವಳು, ವೃಂದಾ ಅವಳ ಫೈಲಿನ ಇಂಗ್ಲಿಷನ್ನು ಓದಿ ಕನ್ನಡದಲ್ಲಿ ಹೇಳುವಳು, ಅಕ್ಕಾರ ಅದಾರ ಅಂತ ನನಗ ಧೈರ್ಯ ನೋಡ್ರಿ ಎಂದು ಮೀರಾಬಿ ನರ್ಸಿಗೆ ಹೇಳಿದ್ದು ವೃಂದಾಳ ಕಿವಿಗೆ ಹಿತವಾಗಿತ್ತು, ಆಗ ಹಿತವಾಗಿತ್ತು, ಆಗ ಅವರಿಬ್ಬರೂ ಸಮ. ಸಮ ಇರುವತನಕ ಮನುಷ್ಯಳಿಗೆ ಎಷ್ಟು ಒಳ್ಳೆಯತನ ಇರುತ್ತದೆ. ನಿಮ್ಮಿಬ್ಬರ ಗಡ್ಡಿ ತುಂಡನ್ನ ಬೆಂಗಳೂರಿಗೆ ಕಳಸತೀನಿ ಎಂದಿದ್ದರು ಡಾಕ್ಟರ್ ವಿಕ್ರಮ, ಕತ್ತರಿಸಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರಂತೆ, ಅದರ ಜೀನ್ ಓದಿದರೆ ಯಾವ ಔಷಧಕ್ಕೆ ಅದು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಕೊಡುವ ಮೊದಲೇ ತಿಳಿಯುತ್ತದಂತೆ, ಎರಡು ಚೂರೂ ಒಂದೇ ಪೆಟ್ಟಿಗೆಯಲ್ಲಿ ಹೋದವು, ಒಂದೇ ದಿನ ವರದಿ ಬಂತು.

ವರದಿಯನ್ನು ನರ್ಸು ಕೈಗೆ ಕೊಟ್ಟಾಗ ಡಾಕ್ಟರು ಇನ್ನೂ ಬಂದಿರಲಿಲ್ಲ, ನಂದೇನೈತಿ ನೋಡ್ರಿ ಅಕ್ಕಾರ ಎಂದು ಮೀರಾಬಿ ತನ್ನ ಕಾಗದವನ್ನು ಚಾಚಿದಳು, ಮೂರನೇ ಸಾಲಿನಲ್ಲಿ ವೈಲ್ಡ್ ಟೈಪ್ ಎಂದಿತ್ತು, ವೈಲ್ಡ್ ಎಂದರೆ ಕಾಡು, ಕಾಡುಜಾತಿ, ಅಯ್ಯೋ ಪಾಪ ಎಂದು ವೃಂದಾಳ ಎದೆ ಮೆಲ್ಲಗೆ ಕರಗಿತು, ಇವಳದು ಕೆಟ್ಟದ್ದು ಬಂತು ಅಂದುಕೊಂಡಳು, ತನ್ನದನ್ನು ಬಿಚ್ಚಿದಳು, ತನ್ನದರಲ್ಲಿ ಮ್ಯುಟೇಶನ್ ಡಿಟೆಕ್ಟೆಡ್, ಒಂದು ಜಿ ಇರಬೇಕಾದಲ್ಲಿ ಒಂದು ಎ, ಅಷ್ಟೇ, ಮೂವತ್ತೈದನೆಯ ಜಾಗದಲ್ಲಿ ಒಂದೇ ಒಂದು ಅಕ್ಷರ. ಡಾಕ್ಟರ್ ವಿಕ್ರಮ ಕುರ್ಚಿ ಎಳೆದುಕೊಂಡು ಇಬ್ಬರ ನಡುವೆ ಕೂತರು, ವಯಸ್ಸು ಮೂವತ್ತೈದೂ ಇರಲಿಕ್ಕಿಲ್ಲ, ನೋಡ್ರಿ, ಗಡ್ಡಿ ಮ್ಯಾಲ ಒಂದು ಗುಂಡಿ ಇರತದ, ಲೈಟಿನ ಗುಂಡಿ ಇದ್ದಂಗ, ಅದನ್ನ ಒತ್ತಿದ್ರ ಗಡ್ಡಿ ಬೆಳೀತದ, ಈ ಹೊಸ ಔಷಧ ಆ ಗುಂಡಿ ಆರಸ್ತದ, ಮೀರಾಬಿಯವರ ಗಡ್ಡಿಯೊಳಗ ತಂತಿ ನೆಟ್ಟಗದ, ಗುಂಡಿ ಆರಿಸಿದ್ರ ದೀಪ ಆರತದ, ವೈಲ್ಡ್ ಅಂದ್ರ ಬದಲಾಗಿಲ್ಲ ಅಂತ ಅರ್ಥ, ಮೂಲ ಹೆಂಗಿತ್ತೋ ಹಂಗ ಅದ, ನಿಮ್ಮದರೊಳಗ ಅಕ್ಕಾರ, ಗುಂಡಿಯ ಕೆಳಗಿನ ತಂತಿಗೆ ತಂತಿ ಅಂಟಿಬಿಟ್ಟದ, ಗುಂಡಿ ಆರಿಸಿದ್ರೂ ದೀಪ ಉರೀತನ ಇರತದ, ಅದಕ್ಕ ನಿಮಗ ಆ ಔಷಧ ಕೊಟ್ಟು ಉಪಯೋಗಿಲ್ಲ, ಬ್ಯಾರೆ ಕೊಡೂಣು, ಬ್ಯಾರೆದ್ದೂ ಛಲೋ ಅದ. ಬ್ಯಾರೆದ್ದೂ ಎಂಬಲ್ಲಿ ಅವರು ಒತ್ತಿದ್ದು ಬ್ಯಾರೆ ಎಂಬುದನ್ನೋ ಕೊನೆಯ ದ್ದೂ ಅನ್ನೋ ಎಂದು ವೃಂದಾ ವಾರಗಟ್ಟಲೆ ಯೋಚಿಸಿದ್ದಾಳೆ. ಎಲ್ಲಿಂದ ಬಂತು ಡಾಕ್ಟರ, ನಮ್ಮ ಅಪ್ಪಂದೋ ಅವ್ವಂದೋ, ಎಂದು ಕೇಳಿದ್ದಳು, ಯಾರದೂ ಅಲ್ಲರಿ, ಗಡ್ಡಿಯೊಳಗಷ್ಟ ಆದ ತಪ್ಪು, ಹಂಗ ಸುಮ್ಮನ ಆಗತದ ಎಂದರು. ಸುಮ್ಮನೆ. ಮೂವತ್ತೊಂದು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳು, ಶುದ್ಧಬರಹದಲ್ಲಿ ಅಕ್ಷರ ತಪ್ಪಿದ್ದಕ್ಕೆಲ್ಲ ಕೆಂಪು ಗೆರೆ ಎಳೆದು ಹತ್ತು ಸಲ ಬರೆಯಿರಿ ಎಂದವಳ ಹೊಟ್ಟೆಯೊಳಗೆ ಯಾರೂ ತಿದ್ದದ ಅಕ್ಷರ, ಹೆಬ್ಬೆಟ್ಟೊತ್ತುವ ಮೀರಾಬಿಯದರಲ್ಲಿ ಒಂದೂ ತಪ್ಪಿಲ್ಲ, ಅಗದಿ ಶುದ್ಧ, ಕಾಡು ಶುದ್ಧ. ಆ ಕ್ಷಣಕ್ಕೆ ಮೀರಾಬಿ ಅವಳ ಮೊಣಕೈ ಹಿಡಿದು, ನಿಮಗೂ ಛಲೋ ಆಕ್ಕೈತ್ರಿ ಅಕ್ಕಾರ, ಅಲ್ಲಾ ಅದಾನ ಎಂದಳು, ಆ ಕೈ ಬೆಚ್ಚಗಿತ್ತು, ವೃಂದಾ ಅದನ್ನು ಮೆಲ್ಲಗೆ ಸರಿಸಿದಳು, ಸೂಜಿ ಎಳೀತದ ಎಂದು ನೆಪ ಹೇಳಿದಳು, ಅಂದೇ ಶುರುವಾದದ್ದು, ಬೇರೆ ಯಾವತ್ತೂ ಅಲ್ಲ.

ಬಸ್ಸು ಗೇಟಿನಲ್ಲಿ ನಿಂತಿದೆ, ಗೂಡ್ಸ್ ರೈಲು ಮುಗಿಯುವುದೇ ಇಲ್ಲ, ಆಚೆ ಕಡಲೆ ಹೊಲ, ಮುಂದಿನ ಸೀಟಿನ ಹೆಂಗಸು ಹಸಿಗಡಲೆಯ ಗಿಡ ಹಿಡಿದು ಒಂದೊಂದೇ ಬುಡ್ಡಿ ಒಡೆದು ತಿನ್ನುತ್ತಿದ್ದಾಳೆ, ಹೊಟ್ಟೆ ಗಟ್ಟಿ ಇದ್ದವರು ಏನು ಬೇಕಾದರೂ ತಿನ್ನಬಹುದು. ಗುಳ್ಳೆ ಬಂದದ್ದು ಸೆಪ್ಟೆಂಬರಿನ ಕೊನೆಗೆ. ಹೊಸ ಔಷಧದ ಎರಡನೇ ಸಲಕ್ಕೆ ಮೀರಾಬಿ ಸೆರಗನ್ನು ಮೂಗಿನತನಕ ಎಳೆದುಕೊಂಡು ಬಂದಳು, ಸರಿಸಿದಳು, ಹಣೆ, ಕೆನ್ನೆ, ಗದ್ದ, ಮೂಗಿನ ಎರಡೂ ಬದಿ ಕೆಂಪು ಗುಳ್ಳೆ, ತುದಿಯಲ್ಲಿ ಕೀವು, ನೋಡಿದ ಕೂಡಲೇ ವೃಂದಾಳಿಗೆ ಆದದ್ದು ಸಂತೋಷ, ಹೌದು, ಇದನ್ನು ಯಾರಿಗೆ ಹೇಳಬೇಕು, ಸಂತೋಷವೇ ಆದದ್ದು, ಔಷಧ ಇವಳಿಗೂ ಒಗ್ಗಲಿಲ್ಲ ಅಂದುಕೊಂಡಳು, ಅರ್ಧ ತಾಸಿನಲ್ಲಿ ಡಾಕ್ಟರ್ ವಿಕ್ರಮ ಬಂದು ಅದನ್ನೂ ಕಸಿದುಕೊಂಡರು, ಗುಳ್ಳಿ ಬಂದಾವಲ್ಲ, ಛಲೋ ಲಕ್ಷಣ, ಯಾರಿಗೆ ಗುಳ್ಳಿ ಜೋರ ಬರತಾವೋ ಅವರೊಳಗ ಔಷಧ ಛಲೋ ಕೆಲಸ ಮಾಡತದ, ಮುಲಾಮು ಹಚ್ಚರಿ, ಬಿಸಲಿಗೆ ಹೋಗಬ್ಯಾಡ್ರಿ ಎಂದು ಇಂಗ್ಲಿಷು ಕನ್ನಡ ಬೆರೆಸಿ ಓಡೋಡುತ್ತಲೇ ಹೇಳಿ ಮುಂದಿನ ಕುರ್ಚಿಗೆ ಹೋದರು, ಮೀರಾಬಿಗೆ ಮುಲಾಮು ಎಂಬುದೊಂದೇ ಕೇಳಿಸಿತು, ವೃಂದಾಳಿಗೆ ಎಲ್ಲ ಕೇಳಿಸಿತು. ಅಂದಿನಿಂದ ಅವಳು ಆ ಗುಳ್ಳೆಗಳನ್ನು ಲೆಕ್ಕ ಹಾಕುತ್ತಿದ್ದಳು, ಹದಿನೈದು ದಿನಕ್ಕೊಮ್ಮೆ, ಕಡಿಮೆಯಾದರೆ ಒಳಗೊಳಗೇ ಹಗುರ, ಹೆಚ್ಚಾದರೆ ಬಾಯಿ ಕಹಿ, ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ತನ್ನ ಗದ್ದದ ಮೇಲೆ ಒಂದು ಕೆಂಪು ಬೊಕ್ಕೆ ಕಂಡಿತ್ತು, ತನಗೆ ಕೊಡುತ್ತಿರುವುದು ಆ ಔಷಧವೇ ಅಲ್ಲ ಎಂದು ಗೊತ್ತು, ಆದರೂ ಮಧ್ಯಾಹ್ನದವರೆಗೆ ನಾಲ್ಕು ಸಲ ಕನ್ನಡಿ ನೋಡಿದಳು, ಸೊಳ್ಳಿ ಕಚ್ಚೇದ ಅಲ್ಲಾ ಎಂದ ರಘೂತ್ತಮ, ಸಂಜೆಗೆ ಅದು ಇಳಿದೇಹೋಯಿತು. ನವೆಂಬರಿನ ಸ್ಕ್ಯಾನಿನಲ್ಲಿ ಅವಳದು ಇದ್ದಷ್ಟೇ ಇದೆ ಎಂದು ಬಂತು, ಸ್ಟೇಬಲ್ ಎಂದರು, ಮೀರಾಬಿಯ ಯಕೃತ್ತಿನ ನಾಲ್ಕು ಗಡ್ಡೆಯಲ್ಲಿ ಎರಡು ಕಾಣಿಸಲಿಲ್ಲ, ಉಳಿದೆರಡು ನಿಂಬೆಹಣ್ಣಿನಷ್ಟಿದ್ದವು ಗೋಲಿಯಷ್ಟಾದವು. ಮನೆಗೆ ಬಂದು ಹೇಳಿದಾಗ ರಘೂತ್ತಮ, ಪಾಪ, ಆಕಿಗರೆ ಛಲೋ ಆತಲ್ಲ ಎಂದ. ಆಕಿಗರೆ. ಅಂದರೆ ಅವಳಿಗಾದರೂ. ಮೂವತ್ನಾಲ್ಕು ವರ್ಷ ಜೊತೆಗಿದ್ದ ಗಂಡನ ಬಾಯಲ್ಲಿ ತಾನು ಆಗಲೇ ಒಂದು ಕಡೆಗೆ, ಅವಳು ಇನ್ನೊಂದು ಕಡೆಗೆ, ನಡುವೆ ಆ ಅರೆ, ಅಂದು ಅವಳು ಊಟ ಮಾಡಲಿಲ್ಲ, ಔಷಧದ ವಾಕರಿಕೆ ಅಂದುಕೊಂಡು ಅವನು ಲಿಂಬೆ ಶರಬತ್ತು ಮಾಡಿ ತಂದ, ಬಿಸಿನೀರಿನಲ್ಲಿ, ತಣ್ಣೀರು ಆಗುವುದಿಲ್ಲ ಎಂದು ನೆನಪಿಟ್ಟುಕೊಂಡು.

ಹುಬ್ಬಳ್ಳಿ ಬಂತು, ಇಳಿದಳು, ಯರಗುಪ್ಪಿಯ ಬಸ್ಸು ನಿಂತೇ ಇತ್ತು, ಇಲ್ಲದಿದ್ದರೆ ಹಿಂದಿರುಗಲು ಒಂದು ನೆಪ ಸಿಗುತ್ತಿತ್ತು, ಹತ್ತಿದಳು, ಕೈಗವಸು ಹಾಕಿಕೊಂಡಳು. ಡಿಸೆಂಬರ್ ಎರಡು, ಮಂಗಳವಾರ, ತಾರೀಖು ಮರೆಯಲಿಕ್ಕಾಗುವುದಿಲ್ಲ. ಸಲೈನು ಹತ್ತಿ ಒಂದು ತಾಸಾಗಿತ್ತು, ಮೀರಾಬಿ ಅಂದು ರೊಟ್ಟಿ ತಂದಿರಲಿಲ್ಲ, ತಾನೇ ಹೇಳತೊಡಗಿದಳು, ತಡಕೊಳ್ಳಾಕ ಆಗವಲ್ದ್ರಿ ಅಕ್ಕಾರ, ಮೆಣಸಿನಕಾಯಿ ಧೂಳ ಈ ಗುಳ್ಳಿಗೆ ಬಿತ್ತಂದ್ರ ಮಾರಿಗೆ ಕೊಳ್ಳಿ ಇಟ್ಟಂಗ ಆಕ್ಕೈತಿ, ಕೆಲಸ ಬಿಟ್ಟೆ, ಅದೂ ಹೋಗ್ಲಿ, ಮೊಮ್ಮಗಳು, ನನ್ನ ಮಗಳು ಮುಬಶಿರಾನ ಕೂಸು, ಮೂರ ವರ್ಸದ್ದು, ನನ್ನ ಕಂಡ್ರ ಚೀರತೈತಿ, ಹುಟ್ಟಿದಾಗಿಂದ ನನ್ನ ಮಗ್ಗಲಾಗ ಮಲಕೊಂಡ ಕೂಸು, ಈಗ ಬಾಗಲದಾಗ ನಿಂತ ಅಳತೈತಿ, ಈ ಔಷಧ ಬ್ಯಾಡ ಅನಸತೈತಿ. ಡಾಕ್ಟರಿಗೆ ಹೇಳಬೇಕಿಲ್ಲೋ ಎಂದಳು ವೃಂದಾ, ಹೇಳೀನ್ರಿ, ಏನಾಗಂಗಿಲ್ಲ ಅಂತಾರ, ಅವರ ಔಷಧ ಅವರು ಕೆಟ್ಟ ಅಂತ ಹೇಳತಾರೇನ್ರಿ, ನೀವು ಓದಿದವರು, ನನ್ನ ಕಾಗದ ಎಲ್ಲಾ ನೀವ ಓದೀರಿ, ನೀವ ಹೇಳ್ರಿ, ಏನ್ ಮಾಡ್ಲಿ. ಮೀರಾಬಿಯ ಕಣ್ಣು ನೇರವಾಗಿ ಅವಳ ಕಣ್ಣಿಗೆ ನೆಟ್ಟಿತ್ತು, ರೆಪ್ಪೆಯ ಅಂಚಿನಲ್ಲೂ ಗುಳ್ಳೆ, ಆ ಗುಳ್ಳೆ ಒಂದೊಂದೂ ಒಂದೊಂದು ವರ್ಷ ಎಂದು ವೃಂದಾಳಿಗೆ ಅನಿಸಿತು, ಮುಖದ ತುಂಬ ವರ್ಷಗಳನ್ನು ಹೊತ್ತುಕೊಂಡು ಕೂತಿದ್ದಾಳೆ, ಹೊತ್ತುಕೊಂಡು ಬೇಡ ಎನ್ನುತ್ತಿದ್ದಾಳೆ, ಒಂದು ಗುಳ್ಳೆಗಾಗಿ ನಾನು ಕನ್ನಡಿಯ ಮುಂದೆ ನಾಲ್ಕು ಸಲ ನಿಂತಿದ್ದೆ, ಬೇಡ ಎನ್ನುವವಳ ಮುಖದಲ್ಲಿ ನೂರು. ಹೇಳಬೇಕಾದ್ದು ಬಾಯಲ್ಲೇ ಇತ್ತು, ಬಿಡಬ್ಯಾಡ, ಅದು ಕೆಲಸ ಮಾಡಾಕತ್ತದ, ಗುಳ್ಳಿ ಬರೂದ ಛಲೋ, ಇಷ್ಟೇ, ಮಕ್ಕಳಿಗೆ ಹೇಳಿಕೊಡುವಷ್ಟು ಸುಲಭ. ನಾನಾಗಿದ್ರ ಬಿಡತಿದ್ದೆ ಎಂದಳು. ಮೆತ್ತಗೆ, ಅಗದಿ ಪ್ರೀತಿಯಿಂದ ಹೇಳಿದ್ದಳು, ಅದೇ ಕೆಟ್ಟದ್ದು, ಶಾಲೆಯಲ್ಲಿ ಜ್ವರ ಬಂದ ಮಗುವಿಗೆ ಮನಿಗೆ ಹೋಗಿ ಮಲಕೋ ಎನ್ನುತ್ತಿದ್ದ ಧ್ವನಿ. ಮೀರಾಬಿ ಉಸಿರು ಬಿಟ್ಟಳು, ನೀವು ಹೇಳಿದ್ಮ್ಯಾಲ ಮುಗೀತು ಎಂದಳು, ಸಲೈನಿನ ಹನಿಯನ್ನು ನೋಡುತ್ತ ಕಣ್ಣು ಮುಚ್ಚಿದಳು.

ಮುಂದಿನ ಸರತಿಗೆ ಎಂಟನೇ ಕುರ್ಚಿ ಖಾಲಿ. ನೆಮ್ಮದಿಯಿಂದ ನಿದ್ದೆ ಬಂತು ವೃಂದಾಳಿಗೆ ಅಂದು, ಸಲೈನು ಮುಗಿಯುವತನಕ ಮಲಗಿದಳು, ಎಷ್ಟು ತಿಂಗಳ ಮೇಲೆ, ಬಾಜೂ ಲೆಕ್ಕ ಹಾಕುವ ಮುಖ ಇರಲಿಲ್ಲ. ಅದರ ಮುಂದಿನ ಸರತಿಗೂ ಖಾಲಿ, ಅಂದು ಡಾಕ್ಟರ್ ವಿಕ್ರಮ ಆ ಖಾಲಿ ಕುರ್ಚಿಯ ಕೈಮೇಲೆ ಕೂತು ಫೈಲು ತಿರುವಿದರು, ಅಕ್ಕಾರ, ನಿಮ್ಮ ಗೆಳತಿ ಎರಡು ಸಲ ತಪ್ಪಿಸಿದ್ರು, ಫೋನ್ ಹತ್ತವಲ್ದು, ಸಣ್ಣದಾಗಾಕತ್ತಿತ್ತರಿ, ಇನ್ನ ಎರಡ ತಿಂಗಳು ಬಂದಿದ್ರ ಉಳಿದಿದ್ದನ್ನ ಕೊಯ್ದು ತಗದುಬಿಡಬಹುದಿತ್ತು, ಹಂಗ ತಗಿಯೂ ಯೋಗ ಎಲ್ಲಾರಿಗೂ ಬರಂಗಿಲ್ಲ, ಈಗ ಬಿಟ್ರ ಮತ್ತ ಬೆಳೀತದ, ನಿಮಗೇನರ ಗೊತ್ತದೇನ್ರಿ ಯಾಕ ಬರವಲ್ರು ಅಂತ. ನನಗ ಗೊತ್ತಿಲ್ಲ ಎಂದಳು, ಎರಡನೇ ಸುಳ್ಳು ಮೊದಲಿನದಕ್ಕಿಂತ ಸಲೀಸು. ಕೊಯ್ದು ತೆಗೆದುಬಿಡಬಹುದಿತ್ತು, ಅಂದರೆ ಮೀರಾಬಿ ಪೂರಾ ಗುಣವಾಗಬಹುದಿತ್ತು, ಅವಳಿಗೆ ಸಿಕ್ಕದ್ದು ಬರೀ ಒಂದೆರಡು ವರ್ಷವಲ್ಲ, ಬಾಗಿಲೇ ಸಿಕ್ಕಿತ್ತು, ಅದನ್ನು ಕೇಳಿದಾಗ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ, ಮತ್ತೆ ಅದೇ, ಹೊಟ್ಟೆಯೊಳಗಿನ ಅದೇ, ನನಗೆ ಯಾಕೆ ಇಲ್ಲ, ಅವಳಿಗೇ ಯಾಕೆ, ಪಶ್ಚಾತ್ತಾಪ ಆಮೇಲೆ ಬಂತು, ಮನೆಯಲ್ಲಿ, ರೊಟ್ಟಿ ಬಡಿಯುವಾಗ, ಹಿಟ್ಟಿನ ಮೇಲೆ ಕೈ ನಿಂತುಬಿಟ್ಟಿತು, ತವೆಯ ಮೇಲಿನದು ಕರಕಲಾಯಿತು. ಹತ್ತು ದಿನ ಮೀರಾಬಿಗೆ ಫೋನು ಹಚ್ಚಿದಳು, ಸ್ವಿಚ್ ಆಫ್, ಈಗ ಹೋಗಿ ಏನು ಹೇಳುವುದು, ಔಷಧದ ಬಗ್ಗೆ ಈಗಷ್ಟೇ ತಿಳಿಯಿತು ಎನ್ನಬಹುದು, ಡಾಕ್ಟರು ಹೇಳಿ ಕಳಿಸಿದರು ಎನ್ನಬಹುದು, ಅಷ್ಟು ಸಾಕು, ಮೀರಾಬಿ ಬರುತ್ತಾಳೆ, ನಾನು ಅಕ್ಕಾರಾಗೇ ಇರುತ್ತೇನೆ, ಹೌದು, ಹಾಗೇ ಹೇಳುವುದು, ಕಿಟಕಿಯಾಚೆ ಕರಿಮಣ್ಣು, ಮೆಣಸಿನ ಗಿಡದ ಸಾಲು, ಬಿಡಿಸುವ ಹೆಂಗಸರ ಬಗ್ಗಿದ ಬೆನ್ನು, ಯರಗುಪ್ಪಿ, ಇಳಿಯೋರು ಇಳೀರಿ ಎನ್ನುತ್ತಾನೆ ಈ ಕಂಡಕ್ಟರ್.

ಮೀರಾಬಿಯ ಮನೆ ಕೇಳಿದರೆ ಮೊದಲು ಸಿಕ್ಕವನೇ ತೋರಿಸಿದ, ಮಸೀದಿ ದಾಟಿ ಎಡಕ್ಕೆ, ಅಂಗಳದ ತುಂಬ ಕೆಂಪು, ತಾಡಪತ್ರಿಯ ಮೇಲೆ ಒಣಮೆಣಸಿನಕಾಯಿಯ ರಾಶಿ, ಗಾಳಿಯಲ್ಲೇ ಖಾರ, ವೃಂದಾಳಿಗೆ ಸೀನು ಬಂತು, ಸೀನಿದ ಸಪ್ಪಳಕ್ಕೆ ರಾಶಿಯ ಆಚೆ ಕೂತವಳು ತಲೆ ಎತ್ತಿದಳು, ಅರೆಕ್ಷಣ ಗುರುತು ಸಿಗಲಿಲ್ಲ, ಯಾಕೆಂದರೆ ಮುಖ ಸ್ವಚ್ಛ, ಹಣೆ ಸ್ವಚ್ಛ, ಗದ್ದ ಸ್ವಚ್ಛ, ಒಂದೂ ಇಲ್ಲ, ಕೆಲವೆಡೆ ಮಸುಕಾದ ಕಲೆ, ಅಷ್ಟೇ, ಎಡಗೆನ್ನೆಯ ನಡುವೆ ಒಂದು ಮೆಣಸಿನ ಬೀಜ ಅಂಟಿಕೊಂಡಿದೆ, ಹಳದಿ, ಉಗುರಿನ ತುದಿಯಷ್ಟು, ಅದು ಅಂಟಿಕೊಂಡಿದ್ದೇ ಅವಳಿಗೆ ಗೊತ್ತಿಲ್ಲ. ಅಕ್ಕಾರ ಎಂದಳು ಮೀರಾಬಿ, ಎದ್ದೇಬಿಟ್ಟಳು, ಮುಬಶಿರಾ, ನೋಡಬೇ ಯಾರ ಬಂದಾರ, ಅಣ್ಣಿಗೇರಿ ಅಕ್ಕಾರ, ಚಾ ಇಡು, ಬರ್ರಿ, ನೆಳ್ಳಾಗ ಬರ್ರಿ, ಫೋನ್ ಕೆಟ್ಟಿತ್ತರಿ, ನಿಮಗ ಹೇಳಬೇಕಂತ ಭಾಳ ಅನಕೊಂಡೆ, ನೋಡ್ರಿ ನನ್ನ ಮಾರಿ, ನಿಮ್ಮ ಮಾತ ಕೇಳಿದ್ದಕ್ಕ ಎಷ್ಟ ಛಲೋ ಆತು, ಮತ್ತ ಕೆಲಸಕ್ಕ ಕುಂತೀನಿ, ಇಕಿ ನೋಡ್ರಿ ಎಂದು ಬಗ್ಗಿ, ಸೆರಗು ಹಿಡಿದು ನಿಂತಿದ್ದ ಮೊಮ್ಮಗಳನ್ನು ಎತ್ತಿ, ಮತ್ತೆ ಕೂತು ತೊಡೆಯ ಮೇಲೆ ಕೂರಿಸಿಕೊಂಡಳು, ಕೂಸು ಅಜ್ಜಿಯ ಕುತ್ತಿಗೆಗೆ ಕೈ ಹಾಕಿ ಬಂದವಳನ್ನು ಅನುಮಾನದಿಂದ ನೋಡಿತು, ಈಗ ನನ್ನ ಬಿಟ್ಟು ಸರಿಯಂಗಿಲ್ಲರಿ ಎಂದಳು ಮೀರಾಬಿ, ನಕ್ಕಳು, ನಕ್ಕಾಗ ಬೀಜ ಕೆನ್ನೆಯ ಜೊತೆ ಮೇಲೇರಿ ಮತ್ತೆ ಇಳಿಯಿತು, ಬೀಳಲಿಲ್ಲ. ಗುಳ್ಳೆ ಇದ್ದಾಗ ಈ ಬೀಜ ತಾಗಿದರೆ ಚೀರುತ್ತಿದ್ದಳು, ಈಗ ಉರಿ ಇಲ್ಲ, ಉರಿ ಇಲ್ಲದಂತೆ ಮಾಡಿದವಳು ನಾನು, ಡಾಕ್ಟರು ಹೇಳಿ ಕಳಿಸಿದರು ಎನ್ನಬೇಕು, ಈಗ ಎನ್ನಬೇಕು, ಚಾ ಬಂತು, ಮುಬಶಿರಾ ಕೊಟ್ಟ ಲೋಟ ಬಿಸಿಯಾಗಿದೆ, ಗವಸಿನ ಮೇಲಿಂದಲೂ ಹಿತ, ಕೈಗವಸು ಯಾಕ್ರಿ ಎಂದು ಮುಬಶಿರಾ ಕೇಳಿದಳು, ತಣ್ಣಗಿದ್ದದ್ದು ಆಗಂಗಿಲ್ಲವ್ವಾ ನನಗ, ಔಷಧದ್ದು ಎಂದಳು ವೃಂದಾ, ಮೀರಾಬಿ ತನಗೇ ಚುಚ್ಚಿದಂತೆ ಮುಖ ಮಾಡಿದಳು, ಪಾಪ, ನೀವೂ ಬಿಟ್ಟಬಿಡಬಾರದೇನ್ರಿ ಅಕ್ಕಾರ ಎಂದಳು.

ಆ ಮಾತಿಗೆ ಲೋಟವನ್ನು ಕೆಳಗಿಟ್ಟಳು ವೃಂದಾ. ಮೀರಾಬಿ, ನಾ ನಿನಗ ಸುಳ್ಳು ಹೇಳಿದೆ. ಏನ ಸುಳ್ಳರಿ ಎಂದಳು ಮೀರಾಬಿ, ಬಲಗೈ ಆಗಲೇ ಒಂದು ಮೆಣಸಿನಕಾಯಿ ಎತ್ತಿಕೊಂಡಿತ್ತು, ತೊಟ್ಟು ಮುರಿದು ಕಾಯಿ ಈ ಕಡೆ, ತೊಟ್ಟು ಆ ಕಡೆ. ಆ ಗುಳ್ಳಿ ಬರೂದು ಛಲೋ ಇತ್ತು, ಔಷಧ ಕೆಲಸ ಮಾಡಾಕತ್ತದ ಅನ್ನೂದರ ಗುರುತು ಅದು, ಡಾಕ್ಟರು ಸೆಪ್ಟೆಂಬರದಾಗ ಹೇಳಿದ್ರು, ನನಗ ಕೇಳಸ್ತು, ನಿನಗ ಕೇಳಸಲಿಲ್ಲ, ನೀ ಕೇಳಿದಾಗ ನನಗ ಗೊತ್ತಿತ್ತು. ಮುಬಶಿರಾ ಒಲೆಯ ಹತ್ತಿರ ನಿಂತವಳು ಅಲ್ಲೇ ನಿಂತಳು. ಗೊತ್ತಿದ್ದ ಬಿಡು ಅಂದ್ರೇನ್ರಿ ಎಂದಳು ಮೀರಾಬಿ, ಧ್ವನಿ ಏರಲಿಲ್ಲ, ಹೌದು ಎಂದಳು ವೃಂದಾ. ಯಾಕ್ರಿ. ನಿನಗ ಗುಣ ಆಗಾಕತ್ತಿತ್ತು, ನನಗ ಇಲ್ಲ, ನೋಡಲಿಕ್ಕೆ ಆಗಲಿಲ್ಲ ನನಗ ಎಂದಳು, ಇಷ್ಟು ಸಣ್ಣ ಮಾತು, ಹೇಳಿದಾಗ ಇನ್ನೂ ಸಣ್ಣದಾಯಿತು. ಇನ್ನೊಂದು ತೊಟ್ಟು ಮುರಿಯಿತು, ಮತ್ತೊಂದು, ಮೀರಾಬಿ ಅವಳನ್ನು ನೋಡುತ್ತಿರಲಿಲ್ಲ, ಬೀಜ ಅಲ್ಲೇ ಇದೆ, ಕೈ ಚಾಚಿ ತೆಗೆಯಬೇಕು ಎನಿಸಿತು, ಚಾಚಿದರೆ ಯಾವ ಮುಖ ಇಟ್ಟುಕೊಂಡು. ಡಾಕ್ಟರು ಏನಂತಾರ ಈಗ, ಎಂದದ್ದು ಮುಬಶಿರಾ, ಹತ್ತಿರ ಬಂದು, ತಾಯಿಯ ಹಿಂದೆ ನಿಂತು, ಕಣ್ಣು ಕೆಂಪಾಗಿತ್ತು, ಖಾರಕ್ಕೋ ಏನೋ. ಎರಡ ತಿಂಗಳು ತಪ್ಪದ ಬಂದಿದ್ರ ಉಳಿದಿದ್ದನ್ನ ಕೊಯ್ದು ತಗೀತಿದ್ರಂತ, ಈಗೂ ಹೋದ್ರ ಆಗಬಹುದು, ಆಗದೇ ಇರಬಹುದು, ಸ್ಕ್ಯಾನ್ ಮಾಡಿ ನೋಡಬೇಕು, ಲಗೂನ ಹೋಗಬೇಕು. ಮತ್ತ ಗುಳ್ಳಿ ಬರತಾವ ಎಂದು ಕೇಳಿದಳು ಮೀರಾಬಿ. ಬರತಾವ. ಬಂದ್ರ ಛಲೋ. ಬಂದ್ರ ಛಲೋ ಎಂದಳು ವೃಂದಾ. ಮೀರಾಬಿ ತೊಡೆಯ ಮೇಲಿನ ಕೂಸಿನ ತಲೆಯ ಮೇಲೆ ಗದ್ದ ಊರಿದಳು, ಬಹಳ ಹೊತ್ತು, ಇಕಿ ಮತ್ತ ಬರಂಗಿಲ್ಲ ನನ್ನ ಹತ್ರ ಎಂದಳು, ಯಾರಿಗೂ ಅಲ್ಲ, ರಾಶಿಗೆ ಹೇಳಿದಂತೆ. ಮುಬಶಿರಾ ತನ್ನ ಫೋನು ತೆಗೆದು ಆಸ್ಪತ್ರೆಯ ನಂಬರು ಹೇಳ್ರಿ ಎಂದಳು, ವೃಂದಾ ಹೇಳಿದಳು, ಬಾಯಿಪಾಠವಿದೆ, ಒಂದೊಂದೇ ಅಂಕಿ, ಆಚೆಯಿಂದ ಯಾರೋ ಎತ್ತಿದರು, ಮುಬಶಿರಾ ಹೌದ್ರಿ, ಯರಗುಪ್ಪಿ ಮೀರಾಬಿರಿ, ಹೌದ್ರಿ, ತಪ್ಪಿತ್ತರಿ, ಇಲ್ಲರಿ ಊರಾಗ ಅದಾರ, ಮಂಗಳವಾರ ಬರತೀವ್ರಿ ಎಂದಳು, ಯಾಕೆ ತಪ್ಪಿತು ಎಂದು ಆಚೆಯವರು ಕೇಳಿರಬೇಕು, ಅವಳು ವೃಂದಾಳತ್ತ ನೋಡಿದಳು, ಹಂಗ, ಮನಿ ಕೆಲಸ ಇತ್ತರಿ ಎಂದಳು.

ಮಂಗಳವಾರ ಬರತೀನ್ರಿ ಅಕ್ಕಾರ ಎಂದಳು ಮೀರಾಬಿ ವೃಂದಾ ಎದ್ದಾಗ, ಇನ್ನೂ ತೊಟ್ಟು ಮುರಿಯುತ್ತಲೇ, ಆದ್ರ ನಿಮ್ಮ ಬಾಜೂ ಕೂಡಂಗಿಲ್ಲ, ನರ್ಸಮ್ಮಗ ಹೇಳಿ ಬ್ಯಾರೆ ಕುರ್ಚಿ ತಗೋತೀನಿ. ಹೂಂ ಎಂದಳು ವೃಂದಾ. ಚಾ ಕುಡದ ಹೋಗ್ರಿ ಎಂದಳು ಮೀರಾಬಿ, ಆರಿರತೈತಿ, ಮುಬಶಿರಾ, ಬಿಸಿ ಮಾಡಿ ಕೊಡು, ಅವರಿಗೆ ತಣ್ಣಂದು ಆಗಂಗಿಲ್ಲ. ನಿಂತೇ ಕುಡಿದಳು, ನಾಲಿಗೆ ಸುಟ್ಟಿತು, ಬೈದಿದ್ದರೆ ಚೆನ್ನಾಗಿತ್ತು, ಹೊರಗೆ ಹಾಕಿದ್ದರೆ ಚೆನ್ನಾಗಿತ್ತು, ಇದನ್ನೂ ಕೊಟ್ಟಳಲ್ಲ, ಇ‌ಷ್ಟು ಕೊಡುವ ಮನಸ್ಸೂ ಅವಳಿಗೇ ಸಿಕ್ಕಿದೆ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಬಿಸಿಲಿದೆ, ಬಸ್ಸು ಒಂದೂವರೆಗಂತೆ, ಇನ್ನೂ ಮುಕ್ಕಾಲು ತಾಸು, ರಘೂತ್ತಮನ ಫೋನು ಬಂತು, ಮುಗೀತೇನು ರಕ್ತ ಪರೀಕ್ಷೆ ಎಂದ, ಯರಗುಪ್ಪಿಯೊಳಗ ಇದ್ದೀನಿ ಎಂದಳು, ಯರಗುಪ್ಪಿಯೊಳಗ ಏನು ಎಂದ, ಮನಿಗೆ ಬಂದು ಎಲ್ಲಾ ಹೇಳತೀನಿ, ಕೇಳಿದ ಮ್ಯಾಲೆ ನಿನಗ ಏನ ಅನಸ್ತದೋ ಅನಸಲಿ ಎಂದಳು, ಅವನು ಉಂಡೀಯೇನು ಎಂದು ಕೇಳಿದ. ಫೋನು ಇಟ್ಟಳು. ಹಗುರಾಗಬೇಕಿತ್ತು, ಹೇಳಿದರೆ ಹಗುರಾಗುತ್ತದೆ ಎಂದು ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿದ್ದಳು, ಹಗುರಾಗಲಿಲ್ಲ, ಹೊಟ್ಟೆಕಿಚ್ಚು ಇದ್ದಲ್ಲೇ ಇದೆ, ಸ್ಟೇಬಲ್, ಮಂಗಳವಾರ ಮೀರಾಬಿ ಬರುತ್ತಾಳೆ, ಆ ಔಷಧ ಮತ್ತೆ ಹನಿಯುತ್ತದೆ, ಎರಡು ವಾರಕ್ಕೆ ಗುಳ್ಳೆ ಏಳುತ್ತವೆ, ಏಳಲಿ, ಏಳಬೇಕು, ಎದ್ದರೆ ನಾನು ಏಳನೇ ಕುರ್ಚಿಯಿಂದ ದೂರದ ಆ ಮುಖವನ್ನು ಮತ್ತೆ ಲೆಕ್ಕ ಹಾಕುತ್ತೇನೆ, ಈ ಸಲ ಕಡಿಮೆಯಾದರೆ ಹೆದರುತ್ತೇನೆ, ಹೆಚ್ಚಾದರೆ ಆಗಲೂ ಬಾಯಿ ಕಹಿಯಾಗುತ್ತದೆ, ಎರಡೂ ಒಟ್ಟಿಗೆ, ಏಳದೇ ಹೋದರೆ, ಐದು ವಾರದಲ್ಲಿ ಅದು ಬೆಳೆದಿದ್ದರೆ — ಇಲ್ಲ, ಬಸ್ಸಿನ ಬಗ್ಗೆ ಯೋಚಿಸಬೇಕು, ಹುಬ್ಬಳ್ಳಿಯಲ್ಲಿ ಗುಳಿಗೆ ತಗೊಳ್ಳಬೇಕು, ರಾತ್ರಿಗೆ ಗಂಜಿ ಸಾಕು, ಇಷ್ಟು ಹೊತ್ತಿಗೆ ಅವಳು ಕೈಯಿಂದ ಒರೆಸಿಕೊಂಡಿರಬಹುದು, ಅಥವಾ ಕೂಸು ಕಿತ್ತು ತೆಗೆದಿರಬಹುದು, ಅಥವಾ ಯಾರೂ ನೋಡಿಲ್ಲ, ಯಾರೂ ಹೇಳಿಲ್ಲ, ಉರಿಯದ ಕಾರಣ ಅವಳಿಗೂ ಗೊತ್ತಾಗಿಲ್ಲ, ಗುಳಿಗೆ, ಗಂಜಿ, ಬಸ್ಸು, ನುಣ್ಣನೆಯ ಎಡಗೆನ್ನೆ, ಅದರ ಮೇಲೆ ಒಂದು ಮೆಣಸಿನ ಬೀಜ, ಬಸ್ಸು, ಎಡಗೆನ್ನೆ, ಒಂದು ಬೀಜ, ಹಳದಿ, ಅಲ್ಲೇ.